ಹರಕೆ ಯಾರದು, ಮೊಣಕಾಲು ಯಾರದು

ಪೂಜ್ಯ ಶ್ರೀ ಹಾಲಪ್ಪಜ್ಜನವರಿಗೆ ಮಠವಿರಲಿಲ್ಲ, ಪೀಠವೂ ಇರಲಿಲ್ಲ. ಗುಡ್ಡದವ್ವನ ಗುಡಿಗೆ ಹೋಗುವ ದಾರಿಯ ಬದಿಯಲ್ಲಿ ಒಂದು ತಗಡಿನ ಚಪ್ಪರ, ನಾಲ್ಕಾರು ನೀರಿನ ಹರವಿಗಳು, ಹೊದೆಯಲು ಒಂದು ಕಂಬಳಿ. ಅವರ ಸಂಸ್ಥಾನವೆಲ್ಲ ಅಷ್ಟೇ. ದಣಿದು ಬಂದ ಯಾತ್ರಿಕರ ಬೊಗಸೆಗೆ ತಮ್ಮ ಕೈಯಾರೆ ನೀರೆರೆಯುತ್ತಿದ್ದರು. ಆ ನೀರು ಕುಡಿದವರು ಪುಣ್ಯವಂತರು!

ಒಂದು ಮುಂಜಾನೆ ಆ ಚಪ್ಪರದ ಮುಂದೆ ದೊಡ್ಡ ಗದ್ದಲವೆದ್ದಿತು. ಸಾವಂತ್ರೆವ್ವ ಎಂಬ ಹಿರಿಯಳು ಕಲ್ಲು ಹೂಡಿ ಬೆಂಕಿ ಮಾಡಿ, ಕುಡುಗೋಲಿನ ತುದಿಯನ್ನು ಕೆಂಪಗೆ ಕಾಯಿಸುತ್ತಿದ್ದಳು. ಎದುರಿಗೆ ಮಣ್ಣು ಮೆತ್ತಿದ ಒದ್ದೆ ಸೀರೆಯಲ್ಲಿ ನಡುಗುತ್ತ ಕೂತವಳು ಅವಳ ಸೊಸೆ ರತ್ನವ್ವ. ಬಲಗಾಲಿನ ಮೊಣಕಾಲ ಚಿಪ್ಪಿನ ಮೇಲೆ ಮೋಸಂಬಿಯಷ್ಟು ಬಾವು ಎದ್ದಿತ್ತು.

ಸಾವಂತ್ರೆವ್ವ ಕೆಟ್ಟವಳಲ್ಲ, ಹೆದರಿದವಳು. ಮಗ ಬಸಲಿಂಗ ವಿಷಮಜ್ವರದಲ್ಲಿ ಕಣ್ಣು ತೇಲಿಸಿದಾಗ, "ಯವ್ವಾ, ನನ್ನ ಮಗ ಎದ್ದು ಕುಂತರ ನನ್ನ ಸೊಸಿ ಮನಿಯಿಂದ ನಿನ್ನ ಗುಡಿತನಾ ದೀಡ ನಮಸ್ಕಾರ ಹಾಕ್ತಾಳ" ಎಂದು ಹರಕೆ ಹೊತ್ತಿದ್ದಳು. ಮಗ ಎದ್ದು ಕುಳಿತ. ಸೊಸೆ ದಾರಿ ಹಿಡಿದಳು. ಅವಳು ಉದ್ದಕ್ಕೆ ಮಲಗಿ ಕೈ ಚಾಚಬೇಕು, ಕೈ ಮುಟ್ಟಿದಲ್ಲಿ ಅತ್ತೆ ಕೋಲಿನಿಂದ ಗೀಟು ಎಳೆಯಬೇಕು, ಆ ಗೀಟಿನ ಮೇಲೆ ನಿಂತು ಸೊಸೆ ಮತ್ತೆ ಮೊಣಕಾಲೂರಿ ಮಲಗಬೇಕು. ಅತ್ತೆ ಗೀಟನ್ನು ಒಂದಿಷ್ಟೂ ಮುಂದಕ್ಕೆ ಎಳೆದವಳಲ್ಲ, ಲೆಕ್ಕವೆಂದರೆ ಲೆಕ್ಕ! ಈಗ ಗುಡಿಯ ಶಿಖರ ಕಣ್ಣಿಗೆ ಬೀಳುವಾಗ ಕಾಲು ಕೈಕೊಟ್ಟಿತ್ತು. ಹರಕೆ ಅರ್ಧಕ್ಕೆ ನಿಂತರೆ ಮಗನಿಗೆ ಜ್ವರ ಮರಳಿ ಬಂದರೆ? ಬರೆ ಹಾಕಿದರೆ ಬಾವು ಇಳಿಯುತ್ತದೆ ಎಂಬುದು ಅವಳ ತವರಿನ ಕಡೆಯ ನಂಬಿಕೆ.

ಕುಡುಗೋಲು ಬೆಂಕಿಯಿಂದ ಮೇಲೆದ್ದಿತು. ರತ್ನವ್ವ ಕಣ್ಣು ಮುಚ್ಚಿದಳು. ಅಷ್ಟರಲ್ಲಿ ಅಜ್ಜನವರು ತುಂಬಿದ ಹರವಿಯನ್ನೇ ಎತ್ತಿ ತಂದು ಬೆಂಕಿ, ಕುಡುಗೋಲು ಎರಡರ ಮೇಲೂ ಸುರಿದುಬಿಟ್ಟರು! ಚುಯ್ ಎಂದು ಹೊಗೆ ಎದ್ದಿತು. ಜನರೆಲ್ಲ ಹಿಂದೆ ಸರಿದರು.

"ನೀರು ಹಾಕೂದು ನಿಮ್ಮ ಕೆಲಸ ಖರೆ, ಬ್ಯಾನಿ ವಿಚಾರ ನಮಗ ಬಿಡ್ರಿ!" ಎಂದು ಸಾವಂತ್ರೆವ್ವ ಉರಿದುಬಿದ್ದಳು.

ಅಜ್ಜನವರು ಸಿಟ್ಟಾಗಲಿಲ್ಲ. "ಮುಟ್ಟಲೇನವಾ ತಂಗಿ?" ಎಂದು ಕೇಳಿ, ಬೆರಳ ಹಿಂಬದಿಯಿಂದ ಬಾವನ್ನು ಮುಟ್ಟಿ ನೋಡಿದರು. ಕೆಂಪೇರಿರಲಿಲ್ಲ, ಸುಡುತ್ತಿರಲಿಲ್ಲ, ಗಾಯವಿರಲಿಲ್ಲ, ಮೈಯಲ್ಲಿ ಜ್ವರವೂ ಇರಲಿಲ್ಲ.

"ಚಿಪ್ಪಿಗೂ ತೊಗಲಿಗೂ ನಡುವ ಗುಡ್ಡದ ತಾಯಿ ಒಂದು ತೆಳ್ಳನ ಚೀಲ ಇಟ್ಟಾಳ, ಎಲುಬು ಉಜ್ಜಬಾರದಂತ. ಕಲ್ಲಿನ ಮ್ಯಾಲೆ ಊರಿ ಊರಿ ಅದು ನೀರು ತುಂಬಿಕೊಂಡೈತಿ. ಸುಟ್ಟರ, ಚುಚ್ಚಿದರ ಕೀವಾಗತೈತಿ. ಮೊಣಕಾಲು ಊರೂದು ಬಿಟ್ಟರ ತಾನ ಇಳೀತೈತಿ."

"ಬಿಟ್ಟರ ಹರಕಿ? ನನ್ನ ಮಗನ ಜೀವ?" ಸಾವಂತ್ರೆವ್ವನ ದನಿ ಒಡೆಯಿತು.

"ಹರಕಿ ಹೊತ್ತವರು ಯಾರು?"

"ನಾನ."

"ಮೊಣಕಾಲು ಯಾರದು?"

ಆಹಾ, ಎಂಥ ಪ್ರಶ್ನೆ! ಸಾವಂತ್ರೆವ್ವನ ಮುಖ ಕೆಂಪಾಯಿತು, ಆಮೇಲೆ ಬಿಳುಪೇರಿತು. ಕೋಲನ್ನು ಸೊಸೆಯ ಕೈಗಿಟ್ಟು, ಸೀರೆ ಎತ್ತಿ ಕಟ್ಟಿ, ಕೊನೆಯ ಗೀಟಿನ ಮೇಲೆ ನಿಂತು, "ಉಧೋ ತಾಯಿ!" ಎಂದು ಮೊಣಕಾಲೂರಿದಳು. ಗರಸಿನ ಕಲ್ಲು ಚಿಪ್ಪಿಗೆ ನಾಟಿತು.

"ಯವ್ವಾ! ಸತ್ನೆವ್ವಾ!"

ಬಿದ್ದಲ್ಲಿಂದಲೇ ಸೊಸೆಯತ್ತ ತಿರುಗಿದಳು. ಕಣ್ಣಲ್ಲಿ ನೀರು. "ಇಷ್ಟು ನೋಯ್ತಿತ್ತೇನ ರತ್ನಾ? ಒಂದು ಮಾತು ನನಗ ಹೇಳಬಾರದಾಗಿತ್ತೇನ?"

"ಹೇಳಿದ್ನಲ್ಲ ಅತ್ತಿ," ಎಂದಳು ರತ್ನವ್ವ ಮೆಲ್ಲಗೆ. "ಮೊದಲನೇ ದಿನಾನ ಹೇಳಿದ್ದೆ."

ಸಾವಂತ್ರೆವ್ವ ಅಲ್ಲೇ ಮಣ್ಣಿನಲ್ಲಿ ಕೂತು ಸೊಸೆಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಗೊಳೋ ಎಂದು ಅತ್ತಳು. ನೋಡುತ್ತಿದ್ದವರ ಕಣ್ಣುಗಳೂ ತುಂಬಿ ಬಂದವು. ಅಜ್ಜನವರು ಮಾತ್ರ ನಗುತ್ತ ಒಳಗೆ ಹೋಗಿ, ಇದ್ದೊಂದು ಕಂಬಳಿಯನ್ನು ಹರಿದು ತಂದು, ಮಡಚಿ ಆ ಹಿರಿಯಳ ಎರಡೂ ಮೊಣಕಾಲಿಗೆ ಕಟ್ಟಿದರು.

"ಅವ್ವಗ ನಮಸ್ಕಾರ ಬೇಕು, ಬಾವು ಬ್ಯಾಡ. ಹೋಗಿ ಬಾ."

ಅತ್ತೆ ಕೋಲು ತಾನೇ ಹಿಡಿದು, ಗೀಟು ಎಳೆದುಕೊಳ್ಳುತ್ತ ಗುಡಿ ಮುಟ್ಟಿ ಬರುವ ತನಕ ಸೊಸೆ ಚಪ್ಪರದಲ್ಲಿ ಕಾಲು ಎತ್ತರಕ್ಕಿಟ್ಟು ಮಲಗಿದಳು. ಅಜ್ಜನವರು ಹರವಿಯ ತಣ್ಣೀರಿನಲ್ಲಿ ಅರಿವೆ ಅದ್ದಿ ಅದ್ದಿ ಬಾವಿನ ಮೇಲಿಟ್ಟರು. "ಮುಂದ ಕೆಂಪಾದರ, ಜ್ವರ ಬಂದರ ಮತ್ತ ತೋರಿಸಾಕ ತಡಾ ಮಾಡಬ್ಯಾಡ್ರಿ" ಎಂದು ಹೇಳಿ, ಬಂಡಿಯಲ್ಲಿ ದವಾಖಾನೆಗೆ ಕಳಿಸಿಕೊಟ್ಟರು. ಡಾಕ್ಟರರೂ ಪಟ್ಟಿ ಕಟ್ಟಿ ವಿಶ್ರಾಂತಿಯನ್ನೇ ಹೇಳಿದರು. ಕೆಲವು ವಾರಗಳಲ್ಲಿ ಬಾವು ಇಳಿಯಿತು. ಬಸಲಿಂಗನಿಗೆ ಜ್ವರ ಮರಳಲಿಲ್ಲ.

ಸಾವಂತ್ರೆವ್ವ ಹರಕೆ ಹೊರುವುದನ್ನೇನೂ ಬಿಡಲಿಲ್ಲ. ಕರು ಕಳೆದರೂ ಹರಕೆ, ಮೊಮ್ಮಗ ಕೆಮ್ಮಿದರೂ ಹರಕೆ. ಆದರೆ ಕೈಮುಗಿದು ನಿಂತಾಗ ಅವಳು ಮೊದಲು ಸೊಸೆಯ ಮುಖ ನೋಡುತ್ತಿದ್ದಳು. ಆಮೇಲೆ ದೇವಿಗೆ ತನ್ನ ಹೆಸರನ್ನೇ ಹೇಳುತ್ತಿದ್ದಳು.