ಉಬ್ಬರದಲ್ಲಿ ಬಂದ ಪರೀಕ್ಷಕ

“ಗುರುಗಳೇ, ಕಣ್ಣಾರೆ ಕಂಡದ್ದನ್ನೇ ಹೇಳಿದವನಿಗೂ ಪಾಪ ಅಂಟುತ್ತದೆಯೇ?” ಎಂದು ಶಿಷ್ಯನು ಕೇಳಿದನು. ಮಠದಲ್ಲಿ ಊಟ ಆಗಷ್ಟೇ ಮುಗಿದಿತ್ತು. ಎಲೆಗಳು ಇನ್ನೂ ಮುಂದಿದ್ದವು.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಅರಸನಿದ್ದನು. ಹೊಳೆ ಕಡಲನ್ನು ಸೇರುವ ಅಳಿವೆಯಲ್ಲಿ ಬಂದರು ಕಟ್ಟಿಸಬೇಕೆಂದು ಅವನಿಗೆ ಮನಸ್ಸಾಯಿತು. ಆದರೆ ಅವನು ಪಾಪಕ್ಕೆ ಹೆದರುವವನು. “ಬಂದರಿನಿಂದ ಅಳಿಯುವ ಜೀವ ಅಲ್ಲೇನಿದೆ, ನೋಡಿ ಬಾ. ಇದ್ದರೆ ಕಟ್ಟುವುದು ಬೇಡ” ಎಂದು ಒಬ್ಬ ಪರೀಕ್ಷಕನನ್ನು ಕಳಿಸಿದನು. ಪರೀಕ್ಷಕನು ಸತ್ಯವಂತ. ಲಂಚ ಮುಟ್ಟಿದವನಲ್ಲ, ಸುಳ್ಳಾಡಿದವನಲ್ಲ. ಬಯಲುಸೀಮೆಯವನಾದ್ದರಿಂದ ಕಡಲಿನ ನಡತೆ ಮಾತ್ರ ಅವನಿಗೆ ತಿಳಿಯದು.

ಅಳಿವೆಯ ಬಾಯಿಗೆ ಮರಳಿನ ದಿಬ್ಬ ಅಡ್ಡವಿತ್ತು. ಉಬ್ಬರವಿದ್ದಾಗ ಮಾತ್ರ ದೋಣಿ ಒಳಗೆ ಬರುತ್ತಿತ್ತು. ಹಾಗಾಗಿ ಪರೀಕ್ಷೆ ನಡೆದಷ್ಟು ದಿನವೂ ಅವನು ಬೆಳಗಿನ ಉಬ್ಬರಕ್ಕೆ ಬಂದು ಸಂಜೆಯ ಉಬ್ಬರಕ್ಕೆ ಹೊರಡುತ್ತಿದ್ದನು. ಬಂದಾಗ ದಡದಿಂದ ದಡಕ್ಕೆ ನೀರು. ಹೊರಟಾಗಲೂ ನೀರು.

ನಡುಹಗಲಿನಲ್ಲಿ ನೀರು ಇಳಿದು ಕೆಸರಿನ ನೆಲ ಬಯಲಾಗುತ್ತಿತ್ತು. ಆದರೆ ಅತಿಥಿಯ ಕಾಲಿಗೆ ಕೆಸರು ತಾಗಬಾರದೆಂಬುದು ಆ ಊರಿನ ಕಟ್ಟಳೆ. ಮೀನುಗಾರರ ಹೆಂಗಸೊಬ್ಬಳು ಅವನನ್ನು ತನ್ನ ಮನೆಗೆ ಕರೆದು, ಕಾಲಿಗೆ ನೀರು ಕೊಟ್ಟು, ಒಳಕೋಣೆಯಲ್ಲಿ ಎಲೆ ಹಾಕುತ್ತಿದ್ದಳು.

ಒಂದು ಸಲ ಅವನು, “ಊಟಕ್ಕೆ ಮೊದಲು ಹೊರಗೊಮ್ಮೆ ನೋಡಿ ಬರುತ್ತೇನೆ, ತಾಯೀ” ಎಂದು ಎದ್ದನು.

“ಅಯ್ಯೋ, ಕೂತುಕೊಳ್ಳಿ ಒಡೆಯಾ! ಬೆಣ್ಣೆಯಂಥ ಕಾಲು ನಿಮ್ಮದು. ಕೆಸರು ಮೆತ್ತಿಸಿ ಕಳಿಸಿದರೆ ಊರವರು ನನ್ನ ಮುಖಕ್ಕೆ ಉಗಿದಾರು. ಸಾರು ಆರುತ್ತದೆ, ಉಣ್ಣಿ.”

ಅವನು ಕುಳಿತನು. ಒಂದು ತುತ್ತು ಉಂಡು, “ಅರಮನೆಯಲ್ಲೂ ಈ ರುಚಿಯಿಲ್ಲ. ಏನಿದು?” ಎಂದನು.

“ಬಳಚು, ಒಡೆಯಾ. ಚಿಪ್ಪಿನೊಳಗಿನ ಮಾಂಸ. ಬಡವರ ಬಾದಾಮಿ ಅನ್ನಿ.”

ಅವನು ನಕ್ಕು ಇನ್ನಷ್ಟು ಬಡಿಸಿಕೊಂಡನು. ಉಂಡವನಿಗೆ ಅವಳು ಚಾಪೆ ಹಾಸಿದಳು. ಎದ್ದು ಹೊರಗೆ ಬಂದಾಗ ಮತ್ತೆ ನೀರು ತುಂಬಿತ್ತು. ಅರಸನ ಕಡೆಯವರಿಗೆ ತಿಳಿಯದ್ದು ಏನಿದೆ ಎಂದುಕೊಂಡು ಅವಳೂ ಏನನ್ನೂ ಹೇಳಲಿಲ್ಲ.

“ಪ್ರಭೂ, ಅಲ್ಲಿರುವುದು ಬರೀ ನೀರು. ಅಳಿಯುವಂಥದ್ದು ಏನೂ ಇಲ್ಲ” ಎಂದು ಅವನು ಅರಸನಿಗೆ ಅರಿಕೆ ಮಾಡಿದನು.

ಅರಸನು ಬಂದರಿಗೆ ಅಪ್ಪಣೆ ಕೊಟ್ಟನು. ಹೊಳೆಯ ಕೆಸರನ್ನು ಬಗೆದು ತೆಗೆದರು. ಕೆಸರನ್ನೇ ನಂಬಿದ್ದ ಬಳಚು ಹೋಯಿತು. ಅದನ್ನು ಹೆಕ್ಕಿ ತಿನ್ನುತ್ತಿದ್ದ ಹಕ್ಕಿ ಬೇರೆ ದಿಕ್ಕು ಹಿಡಿಯಿತು. ಮೀನು ಮೊಟ್ಟೆಯಿಡಲು ಬರಲಿಲ್ಲ. ಹಡಗು ಬಂತು.

ಎಷ್ಟೋ ವರ್ಷಗಳ ಮೇಲೆ ಪರೀಕ್ಷಕನು ಅಂಥದೇ ಒಂದು ಹಡಗಿನಿಂದ ಇಳಿದು, ಆ ಮನೆಯನ್ನೇ ಹುಡುಕಿಕೊಂಡು ಹೋದನು. ಹೆಂಗಸು ಸೊರಗಿದ್ದಳು. ಆದರೂ ಕಾಲಿಗೆ ನೀರು ಕೊಟ್ಟಳು. ಎಲೆ ಹಾಕಿ ಅನ್ನ ಬಡಿಸಿ, ಪಕ್ಕಕ್ಕೆ ಉಪ್ಪಿನ ಹರಳು ಇಟ್ಟಳು. ಇನ್ನೂ ಏನೋ ಬರುತ್ತದೆಂದು ಅವನು ಕಾದನು.

“ಬಡವರ ಬಾದಾಮಿ ಎಲ್ಲಿ, ತಾಯೀ? ಜಿಪುಣತನ ಯಾವಾಗ ಕಲಿತೆ?” ಎಂದು ನಗೆಯಾಡಿದನು.

ಅವಳು ನಗಲಿಲ್ಲ. “ನೀವು ಏನೂ ಇಲ್ಲ ಅಂದಿರಲ್ಲ ಒಡೆಯಾ, ಅದು ಅಲ್ಲೇ ಇತ್ತು. ನೀವು ಒಳಗೆ ಉಣ್ಣುವಾಗ ಹೊರಗೆ ನೀರು ಇಳಿದಿರುತ್ತಿತ್ತು. ಊರ ಹೆಂಗಸರೆಲ್ಲ ಕೆಸರಿನಲ್ಲಿ ಬಳಚು ಹೆಕ್ಕುತ್ತಿದ್ದರು.” ಅನ್ನದ ಪಾತ್ರೆಯನ್ನು ಕೆಳಗಿಟ್ಟಳು. “ನೋಡಿ ಬರುತ್ತೇನೆ ಎಂದು ಎದ್ದಿರಿ. ನಾನೇ ಕೂರಿಸಿದೆ.”

ಅನ್ನಕ್ಕೆ ಇಟ್ಟ ಕೈಯನ್ನು ಅವನು ಬಾಯಿಗೆ ಎತ್ತಲಿಲ್ಲ.

ಶಿಷ್ಯನು, “ಪಾಪ, ಅವನು ಕಂಡದ್ದನ್ನೇ ತಾನೆ ಹೇಳಿದ್ದು?” ಎಂದನು.

“ಹೌದು ಮಗೂ, ಕಂಡದ್ದನ್ನು ಹೇಳಿದ, ಉಂಡದ್ದು ಎಲ್ಲಿಂದ ಬಂತೆಂದು ಕೇಳಲಿಲ್ಲ” ಎಂದರು ಗುರುಗಳು.

ಶಿಷ್ಯನು ತನ್ನ ಎಲೆಯನ್ನೇ ನೋಡುತ್ತ ಕುಳಿತನು.