ತಾಯಿಯವರು ಚಾಚಿದ ಕೈ

ನಿನ್ನ ಕೈಲಿ ಇದು ಆಗುವುದಿಲ್ಲ ಎಂದು ಮೊದಲು ಹೇಳಿದವರು ನನ್ನ ಭಾವ, ಗಂಡನ ಅಣ್ಣ ಮುರಿಗೆಪ್ಪ. ಆಮೇಲೆ ಊರ ಹಿರಿಯರು ಹೇಳಿದರು. ಆಮೇಲೆ ನೀರಿಗೆ ಬರುವ ಹೆಂಗಸರು. ಎಲ್ಲರಿಗಿಂತ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದವಳು ನಾನೇ, ಆದರೆ ಅದನ್ನು ಯಾರ ಮುಂದೆಯೂ ಒಪ್ಪಿಕೊಂಡಿರಲಿಲ್ಲ. ಆ ಮಾತನ್ನು ನನ್ನಿಂದ ಬಿಡಿಸಿದ ಪುಣ್ಯಾತ್ಮರು ನಿರ್ವಾಣೆವ್ವ ತಾಯಿಯವರು. ಅವರು ಲಿಂಗೈಕ್ಯರಾಗಿ ಇಪ್ಪತ್ತು ವರ್ಷಗಳಾದವು. ನನ್ನ ಕಣ್ಣೆದುರು ನಡೆದ ಒಂದು ಬೆಳಗನ್ನು ಭಕ್ತರಿಗಾಗಿ ಬರೆದಿಡುತ್ತಿದ್ದೇನೆ.

ಆಗ ತಾಯಿಯವರು ನಮ್ಮ ಅಂಕಲದಿನ್ನಿಯಲ್ಲಿ, ಎಣ್ಣೆ ತೆಗೆಯುವುದು ನಿಂತುಹೋದ ಗಾಣದ ಮನೆಯ ಪಡಸಾಲೆಯಲ್ಲಿ ಇರುತ್ತಿದ್ದರು. ಅವರಿಗೆ ಗದ್ದುಗೆಯಿರಲಿಲ್ಲ, ಪಾದಪೂಜೆಯಿರಲಿಲ್ಲ. ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿದುಕೊಡುತ್ತಿದ್ದರು. ಅದಕ್ಕೆ ಬಂದ ಹಿಟ್ಟಿನಲ್ಲಿ ದಿನಕ್ಕೊಂದು ಹೊತ್ತು ಪ್ರಸಾದ ಮಾಡುತ್ತಿದ್ದರು. ಅದಕ್ಕೂ ನಲವತ್ತು ವರ್ಷಗಳ ಹಿಂದೆ ದೀಕ್ಷೆ ಪಡೆದ ದಿನವೇ ಕೈಬಳೆ, ಕಾಲುಂಗುರ ತೆಗೆದಿಟ್ಟವರು. ಸೂಜಿ ಹಿಡಿದು ಹಿಡಿದು ಅವರ ಬೆರಳ ಬುಡದ ಗಂಟುಗಳು ಊದಿಕೊಂಡಿದ್ದವು.

ನಮ್ಮದು ಬಳೆಗಾರರ ಮನೆ. ನನ್ನ ಗಂಡ ಈರಬಸಪ್ಪ ಬಳೆಯ ಮಲಾರವನ್ನು, ಎಂದರೆ ಹಗ್ಗಕ್ಕೆ ಪೋಣಿಸಿದ ಗಾಜಿನ ಬಳೆಗಳ ಆ ದೊಡ್ಡ ಸರಗಳನ್ನು ಹೆಗಲಿಗೆ ಹಾಕಿಕೊಂಡು ಹಳ್ಳಿ ತಿರುಗುತ್ತಿದ್ದರು. ಕೈ ಹೇಗೆ ಹಿಡಿಯಬೇಕು, ಹೆಬ್ಬೆರಳನ್ನು ಎಷ್ಟು ಒಳಗೆ ಮಡಿಸಬೇಕು ಎಂಬುದನ್ನೆಲ್ಲ ನನಗೆ ಕಲಿಸಿದ್ದರು. ಅವರು ಜ್ವರದಿಂದ ತೀರಿಕೊಂಡ ಮೇಲೆ ಕೆಲಸ ನನ್ನ ಬೆರಳಲ್ಲಿ ಉಳಿಯಿತು, ಆದರೆ ಮಾಡುವ ಹಕ್ಕು ಉಳಿಯಲಿಲ್ಲ. ವಿಧವೆಯ ಕೈಯಿಂದ ಯಾವ ಮುತ್ತೈದೆ ಬಳೆ ತೊಟ್ಟಾಳು? ತೊಡಿಸುವಾಗ ಒಂದು ಒಡೆದರೆ ಅವಳ ಗಂಡನಿಗೆ ಕೇಡೆಂದು ಊರೆಲ್ಲ ನಂಬಿತ್ತು. ನಾನೂ ನಂಬಿದ್ದೆ.

ಹಿರಿಯರು ಕೂತು ಒಂದು ತೀರ್ಮಾನ ಮಾಡಿದರು. ನಾಗರಪಂಚಮಿಯ ಒಳಗೆ ಒಬ್ಬ ಮುತ್ತೈದೆಯಾದರೂ ನನ್ನಿಂದ ಬಳೆ ತೊಡಿಸಿಕೊಂಡರೆ ಕಸುಬು ನನ್ನದು. ಇಲ್ಲದಿದ್ದರೆ ಮಲಾರ ಭಾವನ ಪಾಲಿಗೆ, ನಾನು ಅವರ ಮನೆಯ ಒಲೆಯ ಮುಂದಕ್ಕೆ.

ಪಂಚಮಿಗೆ ಎರಡು ದಿನ ಉಳಿದಿದ್ದಾಗ ಬೆಳಿಗ್ಗೆ ತಾಯಿಯವರ ಬಳಿಗೆ ಹೋದೆ. ಮಲಾರವನ್ನು ಭಾವನಿಗೆ ಕೊಟ್ಟುಬಿಡುತ್ತೇನೆ, ನನಗೆ ಮನಸ್ಸಿಗೆ ಶಾಂತಿಯಾಗುವಂತೆ ಹರಸಿ ಎಂದು ಕೇಳಿದೆ. ಅವರು ಸೂಜಿಯಿಂದ ಕಣ್ಣೆತ್ತಲಿಲ್ಲ.

“ಮಲಾರ ಎಲ್ಲೈತಿ?”

“ಗೂಟಕ್ಕೈತ್ರಿ.”

“ಇಳಿಸಿ ಎಷ್ಟು ದಿನಾತು?”

ಗಂಡ ತೀರಿಕೊಂಡು ಐದು ತಿಂಗಳಾಗಿತ್ತು. ಅಂದಿನಿಂದ ಒಂದು ಸಲವೂ ನಾನು ಮಲಾರ ಮುಟ್ಟಿರಲಿಲ್ಲ. ಊರು ಬೇಡವೆನ್ನುತ್ತದೆ ಎಂದು ಅಳುತ್ತ ಕೂತಿದ್ದವಳು ಯಾರ ಬಾಗಿಲಿಗೂ ಹೋಗಿ ಕೇಳಿರಲಿಲ್ಲ.

“ತಗೊಂಬಾ,” ಎಂದರು ತಾಯಿಯವರು.

ಗಾಣದ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಓಣಿ. ಬಳೆಗಳು ಹೆಜ್ಜೆಗೊಮ್ಮೆ ಸದ್ದು ಮಾಡುತ್ತವೆ, ಮುಚ್ಚಿಟ್ಟುಕೊಂಡು ಹೋಗಲಾಗುವುದಿಲ್ಲ. ಸದ್ದು ಕೇಳಿ ಹೊಸ್ತಿಲಿಗೆ ಬಂದ ಹೆಂಗಸರು ನನ್ನನ್ನು ಕಂಡು ಒಳಗೆ ಸರಿದರು. ಕಟ್ಟೆಯ ಮೇಲಿದ್ದ ಭಾವ ಇಳಿದು ನನ್ನ ಹಿಂದೆಯೇ ಬಂದರು.

“ಬಳಿ ಜೋಡಿ ನಿನ್ನ ಹಣೇಬರಾನೂ ಹಂಚಾಕ ಹೊಂಟಿಯೇನವಾ?” ಎಂದು ಓಣಿಗೆಲ್ಲ ಕೇಳುವಂತೆ ಕೇಳಿದರು. ನಾನು ತಿರುಗಿ ನೋಡಲಿಲ್ಲ. ತಿರುಗಿದ್ದರೆ ಮನೆಗೇ ಹೋಗುತ್ತಿದ್ದೆ.

ಪಡಸಾಲೆಯಲ್ಲಿ ಎಂಟು ಹತ್ತು ಹೆಂಗಸರು ಕೌದಿಯ ಅರಿವೆ ಹರಿಯುತ್ತ ಕೂತಿದ್ದರು. ತಾಯಿಯವರು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಎಡಗೈಯನ್ನು ನನ್ನ ಮುಂದೆ ಚಾಚಿದರು.

ಭಾವ ಅಂಗಳದಿಂದಲೇ ಅಂದರು: “ತಾಯಾರ, ಸನ್ಯಾಸಕ್ಕ ಬಳಿ ಸಲ್ಲೂದಿಲ್ರಿ. ಮಠದಾವ್ರು ಕೇಳಿದ್ರ ಏನ್ ಹೇಳ್ತೀರಿ?”

“ಕೇಳಿದ್ರ ನನ್ನ ಕೇಳ್ತಾರ. ನಿನ್ನಲ್ಲ.”

ನಾನು ಕೂತೆ. ಹಸಿರು ಗಾಜಿನ ಒಂದು ಬಳೆ ತೆಗೆದೆ. ಆ ಕೈ ಕಟ್ಟಿಗೆಯಂತೆ ಒರಟಾಗಿತ್ತು. ಹೆಬ್ಬೆರಳು ಮಡಿಸಿ, ಬೆರಳ ಬುಡವನ್ನು ಹಿಂಡಿ, ಬಳೆಯನ್ನು ಗಂಟಿನವರೆಗೆ ತಂದೆ. ಬಳೆಗಾರರಿಗೆಲ್ಲ ಗೊತ್ತಿರುವ ನಿಯಮ ಒಂದಿದೆ. ಗಂಟಿನ ಮೇಲೆ ಬಂದ ಬಳೆಯನ್ನು ನಿಲ್ಲಿಸಬಾರದು. ಅಲ್ಲಿ ಕೈ ಅನುಮಾನಿಸಿದರೆ ಗಾಜು ತಾಳುವುದಿಲ್ಲ. ಹೆಂಗಸರೆಲ್ಲ ನೋಡುತ್ತಿದ್ದಾರೆಂಬುದು ನನ್ನ ಬೆನ್ನಿಗೆ ತಿಳಿಯುತ್ತಿತ್ತು. ಗಂಟಿನ ಮೇಲೆ ನನ್ನ ಕೈ ನಿಂತಿತು.

ಬಳೆ ಒಡೆಯಿತು. ಚೂರು ತಾಯಿಯವರ ಚರ್ಮವನ್ನು ಸೀಳಿ, ರಕ್ತ ಮಣಿಕಟ್ಟಿಗೆ ಇಳಿಯಿತು.

ಒಬ್ಬ ಮುದುಕಿ ತನ್ನ ತಾಳಿಯನ್ನು ಮುಟ್ಟಿ ನೋಡಿಕೊಂಡಳು. ಭಾವ ಪಡಸಾಲೆಯ ಮೆಟ್ಟಿಲು ಹತ್ತಿ, ನನ್ನ ಪಕ್ಕದಲ್ಲಿದ್ದ ಮಲಾರದ ಹಗ್ಗಕ್ಕೆ ಕೈ ಹಾಕಿದರು. ನಾನು ತಡೆಯಲಿಲ್ಲ. ಕೊಟ್ಟುಬಿಡಬೇಕು ಎಂದೇ ಅನ್ನಿಸಿತು. ಆಗ ತಾಯಿಯವರು, ಚಾಚಿದ ಕೈಯನ್ನು ಒಂದು ಕೂದಲೆಳೆಯಷ್ಟೂ ಹಿಂದಕ್ಕೆ ತೆಗೆಯದೆ, ಮೆಲ್ಲಗೆ ಹೇಳಿದರು:

“ತಂಗೆವ್ವಾ, ಕೈ ಇನ್ನೂ ಇಲ್ಲೇ ಐತಿ.”

ಅಷ್ಟೇ ಅವರು ಹೇಳಿದ್ದು. ಆಶೀರ್ವಾದವೂ ಅಲ್ಲ, ಬುದ್ಧಿವಾದವೂ ಅಲ್ಲ. ನಾನು ಭಾವನ ಕೈಯಿಂದ ಹಗ್ಗ ಕಿತ್ತುಕೊಂಡೆ. ಇನ್ನೊಂದು ಬಳೆ ತೆಗೆದೆ. ರಕ್ತದಿಂದ ಕೈ ಜಾರುತ್ತಿತ್ತು, ಸೆರಗಿನಿಂದ ಒರೆಸಿದೆ. ಹಿಂಡಿದೆ, ಮಡಿಸಿದೆ, ಗಂಟು ಬಂತು. ಈ ಸಲ ಯಾರು ನೋಡುತ್ತಿದ್ದಾರೆಂದು ನೋಡಲು ನನಗೆ ಬಿಡುವಿರಲಿಲ್ಲ. ಬಳೆ ಗಂಟು ದಾಟಿ ಮಣಿಕಟ್ಟಿಗೆ ಬಿತ್ತು. ಅದರ ಹಿಂದೆ ಮತ್ತೊಂದು. ನಾಲ್ಕು ತೊಡಿಸಿ ತಾಯಿಯವರ ಪಾದಕ್ಕೆ ಹಣೆ ಹಚ್ಚಿದೆ.

“ಇದು ಲೆಕ್ಕಕ್ಕಿಲ್ರಿ,” ಎಂದರು ಭಾವ. “ಹಿರ್ಯಾರು ಅಂದಿದ್ದು ಮುತ್ತೈದಿ ಕೈ.”

ಅವರ ಮಾತು ನಿಜವಾಗಿತ್ತು. ತಾಯಿಯವರು ಮತ್ತೆ ಸೂಜಿ ಕೈಗೆತ್ತಿಕೊಂಡರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ, ಎದ್ದು ಹೋಗಬಹುದಿತ್ತು. ಆದರೆ ಕೂತಲ್ಲಿಂದಲೇ, ತೊದಲದೆ, ಕೇಳಿದೆ: “ಬಳಿ ಯಾರರ ಇಟ್ಕೋತೀರೇನ್ರವಾ?”

ಕೊನೆಗೆ ಕಂಬಾರರ ಕಾಳವ್ವ ಮಡಿಲಿನ ಅರಿವೆ ಕೊಡವಿ, ಕುಂತಲ್ಲೇ ಸರಿದು ಬಂದಳು.

“ನನಗ ಇಡಸು. ನನ್ನ ಗಂಡ ಸೆರೆ ಕುಡದು ಬಾವ್ಯಾಗ ಬಿದ್ದು ಎದ್ದು ಬಂದಾನ. ನಿನ್ನ ಬಳೀಗೆ ಸಾಯೂ ಗಿರಾಕಿ ಅಲ್ಲ ಅಂವ.”

ತಾಯಿಯವರು ನಕ್ಕರು. ಅವರು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ. ಕಾಳವ್ವನ ಎರಡೂ ಕೈಗೆ ಡಜನ್ ಬಳೆ ಏರಿಸಿದೆ, ಒಂದೂ ಒಡೆಯಲಿಲ್ಲ. ನಾನು ಕೊನೆಯ ಬಳೆ ಹಾಕಿ ತಲೆಯೆತ್ತುವಷ್ಟರಲ್ಲಿ ಭಾವ ಅಂಗಳದಲ್ಲಿರಲಿಲ್ಲ. ಹಿರಿಯರು ಕೊಟ್ಟ ಮಾತಿಗೆ ನಿಂತರು.

ಆ ನಾಲ್ಕು ಬಳೆಗಳಿಗಾಗಿ ಮಠದವರು ಮೂರು ವರ್ಷ ತಾಯಿಯವರನ್ನು ಪಂಕ್ತಿಗೆ ಕರೆಯಲಿಲ್ಲವೆಂಬುದು ನನಗೆ ಬಹಳ ತಡವಾಗಿ, ಬೇರೆಯವರಿಂದ ತಿಳಿಯಿತು. ಅವರ ಮುಂದೆ ಹೋಗಿ ಅತ್ತುಬಿಟ್ಟೆ. ಅವರು ಸೂಜಿಗೆ ದಾರ ಪೋಣಿಸಿಕೊಡು ಎಂದರು, ವಯಸ್ಸಿಗೆ ಅವರ ಕಣ್ಣು ಮಂಜಾಗಿತ್ತು. ಆ ಬಳೆಗಳು ತಾವಾಗಿ ಸವೆದು ಒಡೆಯುವವರೆಗೆ ಅವರು ತೆಗೆಯಲಿಲ್ಲ.

ಈಗ ಬಸ್‌ಸ್ಟ್ಯಾಂಡಿನ ಎದುರು ನನ್ನ ಹೆಸರಿನದೇ ಅಂಗಡಿಯಿದೆ, ಗಾಜಿನ ಮೂರು ಕಪಾಟುಗಳಿವೆ. ಫಲಕವನ್ನು ಓದಿ ತಪ್ಪು ತಿದ್ದಿಸಿದವಳು ನಾನೇ. ಬಳೆ ಸುತ್ತಿ ಬರುವ ಹಳೆಯ ಪತ್ರಿಕೆಗಳಲ್ಲಿ ಅಕ್ಷರ ಕಲಿತೆ. ಹನ್ನೊಂದು ಹಳ್ಳಿಗಳ ಮದುವಣಗಿತ್ತಿಯರ ಕೈ ಹಿಡಿದಿದ್ದೇನೆ. ತವರಿನಲ್ಲಿರುವ ನನ್ನ ಒಡಹುಟ್ಟಿದ ಅಣ್ಣ ಮಾತ್ರ ತನ್ನ ಮೂವರು ಹೆಣ್ಣುಮಕ್ಕಳ ಮದುವೆಗೂ ಪರವೂರಿನ ಬಳೆಗಾರರನ್ನು ಕರೆಸಿದ. ಮೂರು ಸಲವೂ ಕರೆಯ ಬದಲು ಮದುವೆಯ ಊಟ ನನ್ನ ಅಂಗಡಿಗೆ ಡಬ್ಬಿಯಲ್ಲಿ ಬಂತು. ಉಂಡೆ. ಡಬ್ಬಿ ತೊಳೆದು ಕಳಿಸಿದೆ.