ಹುಸಿ ಬೀಳುವ ಜಾಗ

ವರದಾ ನದಿ ಮೆಲ್ಲಗೆ ತಿರುಗುವ ಕಡೆ ಒಂದು ಆಶ್ರಮವಿತ್ತು. ಬೆಳಗಿನ ಹೊತ್ತು ಮಂಜು ಅಂಗಳದವರೆಗೂ ಬರುತ್ತಿತ್ತು. ಆ ಮಂಜಿನಲ್ಲಿ ಕೂತು ಗುರು ಸಿದ್ಧಲಿಂಗಯ್ಯನವರು ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದರು.

ಹಾಡು ಮುಗಿದ ಮೇಲೆ ಅವರ ಶಿಷ್ಯೆ ಗಂಗಾಂಬಿಕೆ ಅದೇ ಮಕ್ಕಳಿಗೆ ಲೆಕ್ಕ ಕಲಿಸುತ್ತಿದ್ದಳು.

ಮಕ್ಕಳಲ್ಲಿ ಚಂದ್ರವ್ವ ಎಂಬ ಎಂಟು ವರ್ಷದ ಹುಡುಗಿಯೊಬ್ಬಳಿದ್ದಳು. ಎರಡನೆಯ ಸಂಖ್ಯೆ ಕೇಳುವಷ್ಟರಲ್ಲಿ ಅವಳಿಗೆ ಮೊದಲನೆಯದು ಮರೆತಿರುತ್ತಿತ್ತು. ಅವಳ ತಂದೆ ಅಂಬಿಗರ ದುರ್ಗಪ್ಪ. ಬರುವ ಹುಣ್ಣಿಮೆಯೊಳಗೆ ಕಲಿಯದಿದ್ದರೆ ಮನೆಗೆ ಕರೆದುಕೊಂಡು ಹೋಗುತ್ತೇನೆ, ಕೂಸು ಆಡಿಸಿಕೊಂಡಿರಲಿ ಎಂದು ಅವನು ಹೇಳಿಹೋಗಿದ್ದ.

ಗಂಗಾಂಬಿಕೆ ಗುರುಗಳ ಬಳಿ ಬಂದು, ಮನಸ್ಸು ತಿಳಿಯಾಗಿರುವ ಮೊದಲ ಗಳಿಗೆಯೆಲ್ಲ ಹಾಡಿಗೇ ಹೋಗುತ್ತಿದೆ, ಅದನ್ನು ಲೆಕ್ಕಕ್ಕೆ ಬಿಟ್ಟುಕೊಡಿ ಎಂದು ಬೇಡಿದಳು.

"ತೆಗೆದುಕೋ" ಎಂದರು ಗುರುಗಳು. ಮರುದಿನದಿಂದ ಒಬ್ಬರೇ ಹೊಳೆಯ ದಂಡೆಗೆ ಹೋಗಿ ಹಾಡಿಕೊಳ್ಳತೊಡಗಿದರು.

ಹತ್ತು ದಿನ ಕಳೆದವು. ಪಾಟಿಗಳು ತುಂಬಿದವು, ಅಳಿಸಿಹೋದವು, ಮತ್ತೆ ತುಂಬಿದವು. ಚಂದ್ರವ್ವ ಮಾತ್ರ ಇದ್ದಲ್ಲಿಯೇ ಇದ್ದಳು.

"ನಿನಗೆ ಗಮನವೇ ಇಲ್ಲ" ಎಂದಳು ಗಂಗಾಂಬಿಕೆ.

"ಇದೆ ಅಕ್ಕಾ" ಎಂದಳು ಹುಡುಗಿ. "ಎಲ್ಲಾ ಕಡೆ ಇದೆ."

ಗಂಗಾಂಬಿಕೆ ಪಾಟಿಯನ್ನು ಕೆಳಗಿಟ್ಟಳು. ಹುಡುಗಿಯ ಕೈ ಹಿಡಿದುಕೊಂಡು ದಂಡೆಗೆ ಹೋದಳು.

ಗುರುಗಳು ಇಬ್ಬರನ್ನೂ ಕೂರಿಸಿಕೊಂಡು ತಾಳ ಹಾಕಲು ಹೇಳಿದರು. ಎರಡು ಪೆಟ್ಟು, ಒಂದು ಹುಸಿ. ಪೆಟ್ಟಿಗೆ ಅಂಗೈ ತೊಡೆಗೆ ತಾಗಿ ಸದ್ದಾಗುತ್ತದೆ. ಹುಸಿಗೆ ಕೈ ಸುಮ್ಮನೆ ಗಾಳಿಯಲ್ಲಿ ಮಗುಚುತ್ತದೆ.

ಅವರು ಹಾಡತೊಡಗಿದರು. ನಡುವೆ ಒಂದೆಡೆ ನಿಲ್ಲಿಸಿಬಿಟ್ಟರು.

ಮಂಜು ಬಂತು, ಹೋಯಿತು. ನೀರು ಎಲ್ಲೋ ಕಲ್ಲನ್ನು ಸವರುತ್ತಿತ್ತು. ಆಚೆ ದಡ ಕಾಣಲಿಲ್ಲ.

ಅವರು ಮತ್ತೆ ಹಾಡನ್ನು ಎತ್ತಿಕೊಂಡಾಗ ಗಂಗಾಂಬಿಕೆಯ ಕೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಚಂದ್ರವ್ವನ ಕೈ ಗಾಳಿಯಲ್ಲಿ ಮಗುಚುತ್ತಿತ್ತು, ಸರಿಯಾಗಿ ಹುಸಿ ಬೀಳುವ ಜಾಗದಲ್ಲಿ.

"ಎಲ್ಲಿಗೆ ಹೋಗಿದ್ದೆ, ತಾಯಿ?" ಎಂದು ಕೇಳಿದರು ಗುರುಗಳು.

"ಹುಣ್ಣಿಮೆಗೆ" ಎಂದಳು ಗಂಗಾಂಬಿಕೆ, ತಲೆ ತಗ್ಗಿಸಿ.

"ನೀನು?"

"ಇಲ್ಲೇ ಇದ್ದೆ" ಎಂದಳು ಚಂದ್ರವ್ವ.

ಮರುದಿನ ಗಂಗಾಂಬಿಕೆ ಮೊದಲ ಗಳಿಗೆಯನ್ನು ಹಾಡಿಗೆ ಹಿಂದಿರುಗಿಸಿದಳು. ತಾನೂ ಮಕ್ಕಳ ಸಾಲಿನಲ್ಲಿ ಕೂತಳು. ಆಮೇಲೆ ಲೆಕ್ಕದ ಹೊತ್ತಿನಲ್ಲಿ ಒಂದು ಸಂಖ್ಯೆ ಹೇಳಿ, ಹುಸಿಯಷ್ಟು ಹೊತ್ತು ಬಿಟ್ಟು, ಮತ್ತೊಂದನ್ನು ಹೇಳುವಳು. ಚಂದ್ರವ್ವ ಆ ಬಿಡುವಿನಲ್ಲಿ ಮೊದಲನೆಯದನ್ನು ಹಿಡಿದುಕೊಂಡಿರುವಳು. ಕೆಲವು ಸಲ ಕೈಜಾರುತ್ತಿತ್ತು. ಬರಬರುತ್ತ ಜಾರುವುದು ಕಡಿಮೆಯಾಯಿತು.

ಹುಣ್ಣಿಮೆಯ ದಿನ ದುರ್ಗಪ್ಪ ಬಂದ. ಗಂಟು ಕಟ್ಟಿಕೋ ಎಂದು ಮಗಳಿಗೆ ಹೇಳುವ ಮೊದಲು, ಒಮ್ಮೆ ಲೆಕ್ಕ ಕೇಳಿ ನೋಡು ಎಂಬ ಗುರುಗಳ ಮಾತಿಗೆ ಒಪ್ಪಿ ಒಂದು ಪ್ರಶ್ನೆ ಕೇಳಿದ.

"ನಿನ್ನೆ ಬೆಳಗ್ಗೆ ನನ್ನ ದೋಣಿಯಾಗ ಹದಿನೇಳು ಮಂದಿ ದಾಟಿದ್ರು. ಸಂಜೀಕೆ ಇಪ್ಪತ್ತಾರು. ಒಟ್ಟು ಎಷ್ಟಾತು?"

ಚಂದ್ರವ್ವ ಕಣ್ಣು ಮುಚ್ಚಿದಳು. ಹೊತ್ತು ಸರಿಯಿತು. ದುರ್ಗಪ್ಪ ಏನೋ ಹೇಳಲು ಬಾಯಿ ತೆರೆದ. ಗುರುಗಳು ಮೆಲ್ಲಗೆ ಅವನ ತೋಳು ಮುಟ್ಟಿದರು. ಅವನು ಬಾಯಿ ಮುಚ್ಚಿದ.

"ನಲವತ್ತಮೂರು" ಎಂದಳು ಚಂದ್ರವ್ವ.

ದುರ್ಗಪ್ಪ ಬೆರಳು ಮಡಿಸಿ ಎಣಿಸಿದ. ಇನ್ನೊಮ್ಮೆ ಎಣಿಸಿದ. ಮಗಳ ತಲೆಯ ಮೇಲೆ ಕೈಯಿಟ್ಟ. ಆಮೇಲೆ ಒಬ್ಬನೇ ದೋಣಿ ಹತ್ತಿದ.

ಸಂಜೆ ಗಂಗಾಂಬಿಕೆ ಗುರುಗಳ ಪಕ್ಕ ಬಂದು ಕೂತಳು.

"ಗುರುಗಳೇ, ಹಾಡು ಅವಳಿಗೆ ಲೆಕ್ಕ ಕಲಿಸಿತೇ?"

"ಲೆಕ್ಕ ಕಲಿಸಿದವಳು ನೀನು."

"ಹಾಗಾದರೆ ಹಾಡು ಏನು ಕಲಿಸಿತು?"

ಗುರುಗಳು ಉತ್ತರಿಸಲಿಲ್ಲ. ಹಿಂದಾದರೆ ಅವಳು ಮತ್ತೆ ಕೇಳುತ್ತಿದ್ದಳು. ಈ ಸಲ ಸುಮ್ಮನಿದ್ದಳು. ನೀರಿನ ಮೇಲೆ ಬೆಳಕು ಕರಗುತ್ತಿತ್ತು. ಒಂದು ಬೆಳ್ಳಕ್ಕಿ ಹೊಳೆಗೆ ಅಡ್ಡವಾಗಿ ಹಾರಿ, ದೂರವಾಗಿ, ಬಿಳಿ ಚುಕ್ಕೆಯಾಗಿ, ಕಾಣದಾಯಿತು. ಅವಳು ಅದನ್ನು ಕೊನೆಯವರೆಗೂ ನೋಡಿದಳು.

ಆಗ ಗುರುಗಳು ಹೇಳಿದರು:

"ಈಗ ನೀನು ಕಾದೆಯಲ್ಲ ತಾಯಿ, ಅದನ್ನು."